ದುಭಾಷಿ

ಗುರುವಾರ ಮಧ್ಯಾಹ್ನ ಎರಡೂವರೆಗೆ
ಯೆರವಡಾ ಜೈಲಿನ ಹಳೇ ಮಗ್ಗದ ಶೆಡ್ಡಿನಲ್ಲಿ
ಒಂಬತ್ತು ಪ್ಲಾಸ್ಟಿಕ್ ಕುರ್ಚಿ, ಗುಂಡಗೆ.
ಹತ್ತನೆಯದು ಬಾಗಿಲ ಹತ್ತಿರ, ನನ್ನದು,
ಲಾಠಿ ತೊಡೆಯ ಮೇಲೆ.

ನಾನು ಜತ್ತದವ. ಒಲೆಯ ಮುಂದೆ ಕನ್ನಡ, ಸಾಲೆಯಲ್ಲಿ ಮರಾಠಿ.
ಅದಕ್ಕೇ ಸಾಹೇಬರು ಅಂದರು, ಬಿರಾದಾರ,
ಆ ಸಾಯಬಣ್ಣನಿಗೆ ನಮ್ಮ ಮಾತು ಹತ್ತುವುದಿಲ್ಲ, ನೀನು ಹೇಳು.
ಕೇತ್ಕರ್ ಮೇಡಮ್ಮಿಗೆ ಎಲ್ಲರೂ ಬಾಯಿ ಅಂತಾರೆ.
ಸಾಯಬಣ್ಣನಿಗೆ ನಾನೇ ಬಾಯಿ.

ಅವರದು ಒಂದೇ ಕರಾರು:
'ಅವನು ಹೀಗಂದ' ಅನ್ನಕೂಡದು.
ಅವನು ನಾನು ಅಂದರೆ ನೀವೂ ನಾನು ಅನ್ನಿ.
ಏನು ಮಹಾ, ಅಂದುಕೊಂಡೆ.
ಹದಿನೇಳು ವರ್ಷ ಬರಾಕುಗಳ ಎಣಿಕೆ ಕೂಗಿದ ಗಂಟಲು.

ಸಾಯಬಣ್ಣ ಸೆಂಟ್ರಿಂಗ್ ಕೆಲಸದವ, ಶಹಾಪುರದ ಕಡೆಯವ.
ವಾಘೋಲಿಯ ಒಂಬತ್ತನೇ ಸ್ಲ್ಯಾಬಿನ ಮೇಲೆ
ಮುಕಾದಮನ ಭುಜ ಮುರಿದು ಬಂದದ್ದು ಎರಡನೇ ಸಲ.
ಮೊದಲನೇ ಸಲ ಯಾರದೋ ಹಲ್ಲು.
"ಸಿಟ್ಟ ಬಂತು, ಹೊಡದೆ. ಮತ್ತೇನೈತಿ?"
ಸಿಟ್ಟು ಬಂತು, ಹೊಡೆದೆ, ಮತ್ತೇನಿದೆ, ಅಂದೆ ನಾನು ಮರಾಠಿಯಲ್ಲಿ.

ಬೋರ್ಡಿನ ತುದಿಗೆ ಅವರು 'ಹೊಡೆದೆ' ಅಂತ ಬರೆದು
ಅದರ ಹಿಂದೆ ಒಂದು ಖಾಲಿ ಕೊಂಡಿ ಬಿಡಿಸಿದರು.
ಅದಕ್ಕೂ ಮೊದಲು?
ಸರಪಳಿ ಅಂತಾರೆ ಇದಕ್ಕೆ.
ನಮ್ಮ ಸ್ಟೋರಿನಲ್ಲಿ ಸರಪಳಿ ತೂಕದ ಲೆಕ್ಕ.
ಇಲ್ಲಿ ಕೈದಿ ತಾನೇ ಕುಳಿತು
ತನ್ನ ಒಂದು ನಿಮಿಷವನ್ನು ಬಡಿದು ಬಡಿದು ಕೊಂಡಿ ಮಾಡುತ್ತಾನೆ,
ಆರು ಗುರುವಾರ.

ಅದಕ್ಕೂ ಮೊದಲು ಕೈಯಲ್ಲಿ ರಾಡು.
ಅದಕ್ಕೂ ಮೊದಲು ಕಿವಿ ಬಿಸಿ.
ಅದಕ್ಕೂ ಮೊದಲು ಮುಕಾದಮ ನಕ್ಕ.
ನನ್ನ ನೋಡಿಯೋ, ಫೋನು ನೋಡಿಯೋ, ಗೊತ್ತಿಲ್ಲ.
(ಆ 'ಗೊತ್ತಿಲ್ಲ'ದ ಸುತ್ತ ಬಾಯಿ ಎರಡು ಸಲ ಗೆರೆ ಎಳೆದರು.)
ಅದಕ್ಕೂ ಮೊದಲು ಹಾಜರಿ ಅರ್ಧ ಬರೆದಿದ್ದ.
ಅದಕ್ಕೂ ಮೊದಲು ಬುತ್ತಿ ಬಿಚ್ಚಿರಲಿಲ್ಲ.
ಅದಕ್ಕೂ ಮೊದಲು...
"ಅಪ್ಪನ ಸುದ್ದಿ ಬ್ಯಾಡ್ರಿ," ಅಂದು ಎದ್ದು
ನೀರಿನ ಡ್ರಮ್ಮಿನ ಹತ್ತಿರ ನಿಂತ, ಕುಡಿಯದೆ.
ಅದನ್ನೂ ನಾನು ನಾನಾಗಿಯೇ ಹೇಳಿದೆ.
ಅಪ್ಪನ ಸುದ್ದಿ ಬೇಡ.

ನಾನು, ನಾನು, ನಾನು. ಡ್ಯೂಟಿ ಮುಗಿದರೂ
ಸಮವಸ್ತ್ರದ ಒಳಗೆ ಆ ಸರ್ವನಾಮ ಬೆವರುತ್ತಿತ್ತು.
ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ
ಮೇಲೆ ಮಗನ ನಗು ಕೇಳಿ ಕಿವಿ ಬಿಸಿಯಾಯಿತು.
ನನ್ನ ನೋಡಿಯೋ, ಫೋನು ನೋಡಿಯೋ.

ಗುಂಪಿನಿಂದ ಇಬ್ಬರು ಬಿಡುಗಡೆಯಾದರು.
ವಾಳಕೆ ನಲವತ್ತು ದಿನಕ್ಕೆ ಮರಳಿ ಬಂದ, ಅದೇ ಸರ ಕೀಳುವ ಕೇಸು.
ಬಾಯಿಯವರ ಬೋರ್ಡು ಒರೆಸಿ ಹೋಯಿತಲ್ಲ, ಅಂತ ನಕ್ಕ ಗುಮಾಸ್ತ.
ಇನ್ನೊಬ್ಬ ತಾನಾಜಿ. ಅವನ ಸುದ್ದಿಯೇ ಇಲ್ಲ.
ಸುದ್ದಿ ಇಲ್ಲದಿರುವುದೇ ನನ್ನ ಸಂಬಳ, ಅಂದರು ಕೇತ್ಕರ್ ಬಾಯಿ,
ಚಾಕಪೀಸು ಬ್ಯಾಗಿಗೆ ಹಾಕುತ್ತ.

ಏಳನೇ ಗುರುವಾರ ಕೇಳಿದರು:
ಕಿವಿ ಬಿಸಿಯಾದದ್ದಕ್ಕೂ ರಾಡಿಗೂ ನಡುವೆ ಎಷ್ಟು ಹೊತ್ತು?
ಸಾಯಬಣ್ಣ ಜಂತಿ ನೋಡಿದ. ಪಾರಿವಾಳ ನೋಡಿದ.
"ಕಡ್ಡಿ ಗೀರಿ ಬೀಡಿ ಹಚ್ಚೂವಷ್ಟು."

ನಾನು ಮರಾಠಿಯಲ್ಲಿ ಹೇಳಿದೆ:
ಸೊಂಟದ ಬೆಲ್ಟು ಬಿಚ್ಚುವಷ್ಟು.

ಬಾಯಿ ಬರೆದುಕೊಂಡರು.
ಯಾರಿಗೂ ತಿಳಿಯಲಿಲ್ಲ.
ಅಷ್ಟು ಹೊತ್ತಿಗೆ ನಾಲ್ಕು ಮಾತು ಮರಾಠಿ ಕಲಿತಿದ್ದ ಸಾಯಬಣ್ಣ
ನನ್ನ ಮುಖ ನೋಡಲಿಲ್ಲ,
ಸೊಂಟ ನೋಡಿದ. ಹಿತ್ತಾಳೆಯ ಬಿಲ್ಲೆ ನೋಡಿದ.
ಆಮೇಲೆ ಕುರ್ಚಿಯನ್ನು ಕರ್ರೆಂದು ಎಳೆದು
ತುಸು ಅತ್ತ ಸರಿದ,

ಇನ್ನೊಂದು ಕುರ್ಚಿ ಹಿಡಿಯುವಷ್ಟು.