ಕೋರಾ ಎಂಬುವಳು ಇಲ್ಲ

ನನ್ನ ಕೆಲಸ ಸುಳ್ಳು ಹೇಳುವುದು.
ಗಂಟೆಗೆ ಹದಿನಾಲ್ಕು ಡಾಲರು.
ಒಮಾಹಾದಲ್ಲಿ, ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆ,
ಒಂದು ಫೋನು, ಒಂದು ಪಟ್ಟಿ:
ನೆಬ್ರಾಸ್ಕಾದ ಕುಟುಂಬ ಯೋಜನಾ ಕ್ಲಿನಿಕ್ಕುಗಳು,
ನಗರದ್ದು ಹಳದಿ, ಹಳ್ಳಿಯದ್ದು ನೀಲಿ.

ನನಗೆ ನಲವತ್ತೊಂದು. ಫೋನಿನಲ್ಲಿ ಹದಿನೇಳು.
ಹೆಸರು ಕೋರಾ. ಮಾತು ಅಚ್ಚುಹಾಕಿ ಕೊಟ್ಟಿದ್ದಾರೆ:
ನಿನ್ನೆ ರಾತ್ರಿ ಕಾಂಡೋಮ್ ಹರಿದುಹೋಯ್ತು.
ಆ ಮಾತ್ರೆ ನಿಮ್ಮಲ್ಲಿದೆಯಾ? ಇವತ್ತೇ ಸಿಗುತ್ತಾ?
ಎಷ್ಟಾಗುತ್ತೆ? ಅಮ್ಮನಿಗೆ ಹೇಳಲೇಬೇಕಾ?
ನಡುವೆ ಅಳುವಂತಿಲ್ಲ,
ಅತ್ತರೆ ಲೆಕ್ಕ ಕೆಡುತ್ತದೆ.

ಹಳದಿಯವರು ಬೇಗ ಎತ್ತುತ್ತಾರೆ.
ಒಂದನ್ನು ಒತ್ತಿ, ಮೂರನ್ನು ಒತ್ತಿ, ಚೂರು ಪಿಯಾನೊ,
ಆಮೇಲೆ ಚೂಯಿಂಗ್ ಗಮ್ ಅಗಿಯುವ ದನಿ:
ಇದೆ, ಐದರೊಳಗೆ ಬಾ, ದುಡ್ಡಿಲ್ಲದಿದ್ದರೂ ಬಾ.
ಲಿಂಕನ್‌ನವಳೊಬ್ಬಳು ಬಸ್ಸಿನ ನಂಬರೂ ಹೇಳಿದಳು.
ಒಬ್ಬ ಮಾತ್ರ, ಅದು ಗರ್ಭಪಾತ, ನಾವು ಮಾಡಲ್ಲ, ಎಂದ.
ಅಲ್ಲ ಎಂದು ನನಗೆ ಗೊತ್ತು, ಕೋರಾಗೆ ಗೊತ್ತಿಲ್ಲ.
ತಪ್ಪು ಮಾಹಿತಿ, ಸಂಕೇತ ಏಳು, ಬರೆದುಕೊಂಡೆ.

ನೀಲಿಯವು ರಿಂಗಾಗುತ್ತಲೇ ಇರುತ್ತವೆ.
ಮಂಗಳವಾರ, ಗುರುವಾರ, ಒಂಬತ್ತರಿಂದ ಮಧ್ಯಾಹ್ನ,
ಎನ್ನುತ್ತದೆ ಯಂತ್ರ. ಇವತ್ತು ಶುಕ್ರವಾರ.
ಶನಿ, ಭಾನು, ಸೋಮ, ಬೆರಳು ಮಡಚುತ್ತೇನೆ,
ಮಾತ್ರೆಗೆ ವಾರದ ಹೆಸರು ಗೊತ್ತಿಲ್ಲ, ಗಂಟೆ ಗೊತ್ತು.
ಇನ್ನೊಂದು ಕಡೆ: ಇದೆ ಮಗಳೇ, ಕಪಾಟಿನಲ್ಲಿದೆ,
ಬೀಗದ ಕೈ ನರ್ಸ್ ಹತ್ತಿರ,
ಅವಳು ಬಾಣಂತಿ, ರಜೆಯಲ್ಲಿದ್ದಾಳೆ.
ಮತ್ತೊಂದು ಕಡೆ: ಔಷಧದಂಗಡಿಯಲ್ಲಿ ಕೇಳು.
ಆಮೇಲೆ ತಗ್ಗಿದ ದನಿ: ಆದರೆ ಗಲ್ಲಾದಲ್ಲಿ ಕೂರುವವಳು
ಭಾನುವಾರ ನಿಮಗೆಲ್ಲ ಬೈಬಲ್ ಹೇಳಿಕೊಡುವವಳೇ.

ನೂರಾ ಅರವತ್ತಮೂರನೇ ಸಾಲು, ನೀಲಿ.
ದನದ ಹರಾಜುಕಟ್ಟೆಯ ಪಕ್ಕದ ಕ್ಲಿನಿಕ್ಕು.
ವರ್ನೀಸ್ ಕೋಲ್ಟರ್‌ಮನ್, ನರ್ಸ್, ಅಂದಳು.
ನನ್ನ ಪ್ರಶ್ನೆ ಮುಗಿಯಲು ಬಿಡದೆ ಅವಳೇ ಕೇಳಿದಳು:
ಎಲ್ಲಿದ್ದೀಯ ಮಗು?
ಯಾರಾದರೂ ಹೊಡೆದರಾ? ನಿಜ ಹೇಳು.
ಕರೆದುಕೊಂಡು ಬರೋರು ಇದ್ದಾರಾ?

ನನ್ನ ಕಾಗದದಲ್ಲಿ ಕೋರಾಗೆ ಊರಿಲ್ಲ, ಕಾರಿಲ್ಲ.
ದೂರ, ಅಂದೆ. ಎಪ್ಪತ್ತು ಮೈಲಿ ಅಂದೆ.
ಯಾಕೆ ಎಪ್ಪತ್ತು ಅಂದೆನೋ.

ಐದಕ್ಕೆ ಬಾಗಿಲು ಹಾಕಬೇಕು. ಹಾಕಲ್ಲ, ಅಂದಳು.
ಹಿಂದುಗಡೆಯಿಂದ ಬಾ, ದೀಪ ಹಾಕಿರ್ತೀನಿ.
ಕತ್ತಲಾಗುವಾಗ ಜಿಂಕೆ ಅಡ್ಡ ಬರುತ್ತವೆ,
ನಿಧಾನ.

ನಿಯಮ ಒಂಬತ್ತು: ನಿಜ ಹೇಳುವಂತಿಲ್ಲ,
ಬರುತ್ತೇನೆಂದು ಒಪ್ಪುವಂತಿಲ್ಲ.
ಯೋಚಿಸಿ ಹೇಳ್ತೀನಿ, ಓದಿದೆ.
ಯೋಚಿಸು, ಅಂದಳು. ನಾನಂತೂ ಇರ್ತೀನಿ.

ಲಭ್ಯ: ಹೌದು. ಅದೇ ದಿನ: ಹೌದು.
ಮಾತಿನ ಅವಧಿ: ಎರಡು ನಿಮಿಷ ನಲವತ್ತು ಸೆಕೆಂಡು.
ಜಿಂಕೆಗೆ ಖಾನೆಯಿರಲಿಲ್ಲ.

ಮನೆಗೆ ಬಂದು ಮೊಟ್ಟೆ ಹುರಿದೆ, ಬಾಣಲೆ ತೊಳೆದೆ,
ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.
ಎಂಟೂಕಾಲು.
ಆ ದೀಪಕ್ಕೆ ಹುಳ ಮುತ್ತಿರುತ್ತವೆ.
ಪ್ರತಿ ಟ್ರಕ್ಕಿನ ಬೆಳಕಿಗೂ ಅವಳು ಏಳುತ್ತಿರುತ್ತಾಳೆ,
ಗೋಧಿ ತುಂಬಿದ ಟ್ರಕ್ಕು, ಹಂದಿ ತುಂಬಿದ ಟ್ರಕ್ಕು,
ಯಾವುದರಿಂದಲೂ ಇಳಿಯುವುದಿಲ್ಲ
ಹದಿನೇಳರ ಹುಡುಗಿ.

ಮಾಡಬಾರದಿತ್ತು, ಮಾಡಿದೆ, ನನ್ನ ಸ್ವಂತ ಫೋನಿನಿಂದ.
ಮೊದಲ ರಿಂಗು ಪೂರ್ತಿಯಾಗಲಿಲ್ಲ.
ಕೋರಾ?

ಹೂಂ, ಅಂದೆ, ಅದೇ ಎಳೆದನಿಯಲ್ಲಿ.
ಬೇರೆ ಕಡೆ ಸಿಕ್ತು. ನುಂಗಿದೆ. ನೀವು ಮನೆಗೆ ಹೋಗಿ.
ಈ ಸುಳ್ಳಿಗೆ ಯಾರೂ ಕಾಸು ಕೊಡುವುದಿಲ್ಲ.

ಉಸಿರು ಬಿಟ್ಟದ್ದು ಕೇಳಿಸಿತು,
ಕೀಗೊಂಚಲು ಎತ್ತಿಕೊಂಡದ್ದು ಕೇಳಿಸಿತು.
ಆಮೇಲೆ, ಬಾಗಿಲ ಹತ್ತಿರದಿಂದ ಇರಬೇಕು:
ಎರಡು ಗಂಟೆಯೊಳಗೆ ವಾಂತಿಯಾದರೆ
ಇನ್ನೊಂದು ನುಂಗಬೇಕಾಗುತ್ತೆ ಮಗು.
ಮನೆ ನಂಬರು ಬರೆದುಕೋ,
ಎದ್ದಿರ್ತೀನಿ.