ಮೂವತ್ತನಾಲ್ಕು

ಶೇವಂತಿ ಹರಿಕಂತ್ರ, ವಯಸ್ಸು ನಲವತ್ತಾರು, ನೋವಿಲ್ಲ.
ಹಾಗೆಂದು ಬರೆದುಕೊಂಡೆ.
ಸ್ಟೂಲಿನ ಮೇಲೆ ಕೂರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು,
ಕತ್ತಿನ ಬುಡದ ಉಬ್ಬಿನಿಂದ ಕೆಳಗೆ
ಬೆರಳಲ್ಲಿ ಎಣಿಸುತ್ತ ಹೋದೆ, ಹನ್ನೆರಡರವರೆಗೆ.
ಒಂದೊಂದಕ್ಕೂ ಹಸಿರು ಶಾಯಿಯ ಚುಕ್ಕಿ.

ಎಂಟರ ಹತ್ತಿರ ನಕ್ಕಳು.
'ಅಲ್ಲಿ ನನ್ನ ಕೈ ಹೋಗೂದಿಲ್ಲ.
ಅವ್ವಿ ಮೀಯಿಸಿದ್ದೇ ಕಡೆ.'

ಉಸಿರೆಳೆದಾಗ ಚುಕ್ಕಿಗಳು ಒತ್ತಾದವು,
ಬಿಟ್ಟಾಗ ತುಸು ಸರಿದವು.
ಅಲುಗಬೇಡ ಅಂದಿದ್ದೆ ನಾನು.

ಹಿಂದಕ್ಕೆ ಬಾಗಲು ಇಲ್ಲಿ ಅಷ್ಟೇನೂ ಜಾಗವಿಲ್ಲ,
ಮೂಳೆಯ ಮೇಲೆ ಮೂಳೆ ಹೆಂಚಿನ ಹಾಗೆ ಕೂತಿದೆ,
ಪಕ್ಕೆಲುಬೂ ಬಿಡುವುದಿಲ್ಲ.
ಇದಕ್ಕೆ ಚೆನ್ನಾಗಿ ಬರುವುದು ತಿರುಗುವುದೊಂದೇ.

ಬಲಕ್ಕೆ, ಮೂವತ್ತನಾಲ್ಕು ಡಿಗ್ರಿ.
ಮತ್ತೊಮ್ಮೆ. ಮೂವತ್ತನಾಲ್ಕು.
'ಇನ್ನಾಗೂದಿಲ್ಲ' ಅಂದಳು.

ಆಗ ಬೈತಖೋಲ ಬಂದರಿನಿಂದ ಬೋಟೊಂದರ ಹಾರ್ನ್,
ಉದ್ದ ಎರಡು, ಗಿಡ್ಡ ಒಂದು.
ತಿರುಗಿಯೇಬಿಟ್ಟಳು.
ಪಟ್ಟಿ ಜಾರಲಿಲ್ಲ, ಸೊಂಟ ಕದಲಲಿಲ್ಲ,
ಮುಳ್ಳು ನಲವತ್ತಮೂರಕ್ಕೆ ಹೋಗಿ ನಡುಗುತ್ತಿತ್ತು.
'ನಮ್ದಲ್ಲ' ಅಂದು ಮುಂದೆ ನೋಡಿದಳು.

ಹೇಳದೆ ತಿರುಗಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.
ಮೂವತ್ತನಾಲ್ಕನ್ನೇ ಬರೆದೆ.
ನಮ್ಮದು ಯಾವುದು ಎಂದು ಕೇಳಲು
ಹಾಳೆಯಲ್ಲಿ ಕಲಮು ಇರಲಿಲ್ಲ.

ಒರೆಸಲು ಸ್ಪಿರಿಟ್ ತೆಗೆದರೆ
'ಇರ್ಲಿ ಬಿಡು ತಂಗಿ, ಯಾರಿಗೆ ಕಾಣ್ತದೆ' ಅಂತ
ರವಿಕೆ ತೊಟ್ಟು, ಬುಟ್ಟಿ ಹೊತ್ತು ಹೊರಟಳು.
ಮಾರ್ಕೆಟ್ಟಿನಲ್ಲೀಗ ಬಂಗಡೆ ಮಾರುತ್ತ
ಕರೆದವರತ್ತ ಎಷ್ಟು ತಿರುಗುತ್ತಾಳೋ,
ಚುಕ್ಕಿಗಳಿಗೆ ಗೊತ್ತು.