ಹಿಂದಕ್ಕೆ ಗೇರಿಲ್ಲ

ವಾರವಿಡೀ ನಾನು ಹಾಲಿನ ಟ್ಯಾಂಕರು ಓಡಿಸುತ್ತೇನೆ
ಡೌನ್ ಕೌಂಟಿಯ ಇಕ್ಕಟ್ಟು ಓಣಿಗಳಲ್ಲಿ.
ಬೆಳಗಿನ ಐದಕ್ಕೆ ಯಾರದೋ ಕೊಟ್ಟಿಗೆಯ ಅಂಗಳ,
ಅಳೆದು ಸುರಿದು ಹಿಂದೆ ಸರಿಸುವಾಗ
ಬೀಪ್, ಬೀಪ್, ಬೀಪ್.
ನನ್ನ ಕನಸುಗಳೂ ಈಗೀಗ
ಬೆನ್ನು ಮುಂದಾಗಿಯೇ ಬರುತ್ತವೆ.

ಅದಕ್ಕೇ ಇರಬೇಕು ನಲವತ್ತೇಳಕ್ಕೆ ಈ ಹುಚ್ಚು:
ನಾಲ್ಕು ಚಕ್ರವೂ ಮೈಯಾಚೆ ಬತ್ತಲೆ ನಿಂತ,
ಒಳಗೆ ಬೈಕಿನ ಎದೆ ಬಡಿಯುವ,
ಆರು ಜನ ಹಿಡಿದರೆ ಎತ್ತಿಬಿಡಬಹುದಾದ
ರೇಸಿನ ಕಾರು.

ಕೂಡಿಟ್ಟದ್ದು ಆರು ಸಾವಿರ ಪೌಂಡು.
ಅಕ್ಕ ಡರ್ವ್ಲಾ ಅಂಗಡಿಗಳ ಲೆಕ್ಕ ಬರೆಯುವವಳು,
ಪೆನ್ನಿನ ಕ್ಯಾಪು ಹಾಕಿ ಅಂದಳು:
"ಹಾಸಿಗೆ ಇದ್ದಷ್ಟು ಕಾಲು ಚಾಚು ಕಣೇ."

ಬಾಲಿಮೀನಾದಲ್ಲೊಂದು ನೋಡಿದೆವು, ಸಾವಿರ ಸಿಸಿಯದು.
ಹಿಂದೆ ರೆಕ್ಕೆ, ಮುಂದೆ ರೆಕ್ಕೆ,
ಮಾಲೀಕ ಹುಡುಗನ ಬಾಯಲ್ಲೂ ರೆಕ್ಕೆಯದೇ ಮಾತು.
"ಮುರಿದರೆ ಎಷ್ಟಾಗುತ್ತೆ?" ಅಂದೆ.
ಅವನು ಆಕಾಶ ನೋಡಿದ.

ಲಾರ್ನ್ ಬಂದರಿನ ಬಳಿ ಇನ್ನೊಂದು, ಅಗ್ಗ,
ಹಳೇ ಕಾರಿನ ಕಬ್ಬಿಣದ ಎಂಜಿನ್ನು.
ಮುದಿ ಗೂಳಿಯಂತೆ ಕೆಮ್ಮಿ ಎದ್ದಿತು, ಪಾಪ.
ಅದರ ಮೇಲೆ ಪ್ರೀತಿಯೇ ಬಂತು ನನಗೆ.
ಬಿಚ್ಚಿ ಮತ್ತೆ ಕಟ್ಟುವ ಖರ್ಚು ಡರ್ವ್ಲಾ ಕೂಡುತ್ತಾ ಹೋದಳು,
ಹಾಳೆ ಮಗುಚಿದಳು, ಮತ್ತೂ ಕೂಡಿದಳು.
ಬೇಡ. ಭಾರ ಹೊರುವುದು ಸೋಮವಾರದಿಂದ ಇದ್ದೇ ಇದೆ.

ಆಮೇಲೆ ಪೋರ್ಟವೋಗಿ.
ಮೀನು ದೋಣಿಗಳ ಶೆಡ್ಡು, ಒದ್ದೆ ಬಲೆಗಳ ರಾಶಿ,
ಅದರ ಹಿಂದೆ, ಯಾರೋ ಕೈಬಿಟ್ಟ ಏಡಿಯ ಹಾಗೆ,
ಕಾಲು ಅಗಲಿಸಿ ಕೂತಿತ್ತು.
ಐವನ್ ಮೆಕ್ಲರ್ಗ್ ಟಾರ್ಪಾಲು ಎಳೆದ.
ಅವನ ಮೊಣಕಾಲು ಈಗ ಮಡಚುವುದಿಲ್ಲವಂತೆ;
ಹೋದ ವರ್ಷ ಕರ್ಕಿಸ್‌ಟೌನ್ ಟ್ರ್ಯಾಕಿನಲ್ಲಿ
ರೇಸು ಮುಗಿದ ಮೇಲೆ ಅವನನ್ನು ಹೊರಗೆಳೆಯಲು
ಇಬ್ಬರು ಬೇಕಾದರಂತೆ, ಮತ್ತೊಬ್ಬ ನಗಲು.

"ಆರುನೂರು ಸಿಸಿ. ಬಿದ್ದ ಬೈಕಿನದು."
"ಬಿದ್ದವನು?"
"ಎದ್ದು ನಡೆದ. ನ್ಯೂಟೌನಾರ್ಡ್ಸ್‌ನಲ್ಲಿ ಬ್ರೆಡ್ಡು ಮಾರುತ್ತಾನೆ.
ಎಂಜಿನ್ನು ಕೈಕೊಟ್ಟರೆ ಅಳುವುದೇನಿಲ್ಲ,
ಇಂಥದೇ ಇನ್ನೊಂದು ಬೀಳುತ್ತೆ,
ಐದುನೂರು ಪೌಂಡಿಗೆ ಎದೆ ಬದಲಿಸಿಕೋ."

ನಾನು ಟಾರ್ಚು ಹಿಡಿದು ಕೊಳವೆಗಳ ಬೆಸುಗೆ ಮುಟ್ಟುತ್ತಾ ಹೋದೆ.
ಎಡಗಡೆ ಉಪ್ಪುಗಾಳಿ ತಿಂದ ಮೂರು ಕಡೆ
ಉಗುರಿಗೆ ಕಂದು ಪುಡಿ ಹತ್ತಿತು.
ಹೇಳಲಿಲ್ಲ. ಅವನೂ ನೋಡಲಿಲ್ಲ.
ಬೆಲೆಯ ಮಾತು ಆಗಲೇ ಶುರುವಾಗಿತ್ತು.

ಕೂತು ನೋಡು, ಅಂದ.
ಹೊಕ್ಕೆ. ಸೊಂಟ ಸಿಕ್ಕಿತು, ಉಸಿರು ಬಿಟ್ಟೆ, ಇಳಿಯಿತು.
ಕಾಲು ಚಾಚಿದೆ.
ಪೆಡಲು ಪಾದಕ್ಕೆ ತಾಗಿತು, ಅಷ್ಟೇ, ಸರಿಯಾಗಿ ಅಷ್ಟೇ.
ಹಾಸಿಗೆ ಇಷ್ಟೇ ಇತ್ತು, ಅಕ್ಕಾ.
ಬೆನ್ನ ಹಿಂದೆ ಸೈಕಲ್ಲಿನದರಂಥ ಒಂದು ಚೈನು,
ನೆಲ ಎಷ್ಟು ಹತ್ತಿರವೆಂದರೆ
ಬಿದ್ದ ಒಂದು ಮೀನಿನ ಪೊರೆ
ನನ್ನ ಕಣ್ಣಿಗೆ ನಾಣ್ಯದಷ್ಟು ಹೊಳೆಯುತ್ತಿತ್ತು.

"ರಿವರ್ಸ್ ಎಲ್ಲಿ?" ಕೈ ತಡವರಿಸಿತು, ರೂಢಿ.
"ಬೈಕಿಗೆ ಎಲ್ಲಿಯ ರಿವರ್ಸ್, ಹುಡುಗಿ?
ತಿರುಗಿ ನಿಂತರೆ ಯಾರಾದರೂ ತಳ್ಳಬೇಕು."

ಹುಡುಗಿ ಅಂದ.
ಐದು ಸಾವಿರದ ನಾಲ್ಕುನೂರಕ್ಕೆ ಕೈ ಕುಲುಕಿದೆವು;
ಆ ಮೂರು ಬೆಸುಗೆಗಳಿಗೆ ಇನ್ನೂರು ಇಳಿಸಿದ್ದ,
ನಾನು ಕೇಳದೆಯೇ.

ಶೆಡ್ಡಿನಿಂದ ಹೊರಗೆ ಬರಬೇಕಿತ್ತು, ಹಿಮ್ಮುಖವಾಗಿ.
ನಾನು ಒಳಗೆ, ಸ್ಟಿಯರಿಂಗು ಹಿಡಿದು ರಾಣಿಯ ಹಾಗೆ.
ಡರ್ವ್ಲಾ ಲೆಕ್ಕದ ಪುಸ್ತಕ ಕಂಕುಳಿಗೆ ಸಿಕ್ಕಿಸಿ
ಮೂತಿಗೆ ಎರಡೂ ಕೈ ಕೊಟ್ಟಳು.
ಆಫೀಸಿನ ಷೂ ಮೀನಿನ ನೀರಲ್ಲಿ ಜಾರಿತು, ನಿಂತಿತು.
ನನ್ನ ಕಣ್ಣಲ್ಲಿ ಕಣ್ಣಿಟ್ಟು ತಳ್ಳುತ್ತಾ,
ನಗದೆ, ಸಣ್ಣ ದನಿಯಲ್ಲಿ,
ಬೀಪ್, ಅಂದಳು,
ಬೀಪ್.